ಹದಿನಾರು ಹಕ್ಕಿಗಳ ಗುರುತು

ಹಕ್ಕಿಗಳ ಕೋಣೆಯ ಬಾಗಿಲು ತೆರೆದರೆ ಮಹ್ಲೆತ್‌ಗೆ ಕಣ್ಣಿಗಿಂತ ಮುಂಚೆ ಕಿವಿ ತುಂಬುತ್ತಿತ್ತು. ಗೋಡೆಯುದ್ದಕ್ಕೂ ಎರಡು ಸಾಲು ಪಂಜರ, ಸಾಲಿಗೆ ಎಂಟು. ಪ್ರತಿ ಪಂಜರದಲ್ಲೂ ಒಂದೊಂದು ಗಂಡು ಜೀಬ್ರಾ ಫಿಂಚ್. ಕಿತ್ತಳೆ ಕೆನ್ನೆ, ಕೆಂಪು ಕೊಕ್ಕು, ಮುಷ್ಟಿಯೊಳಗೆ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ. ಬ್ರೆಮೆನ್‌ಗೆ ಓದಲು ಬಂದ ಹೊಸದರಲ್ಲೇ ಅವುಗಳ ಆರೈಕೆಯ ಕೆಲಸ ಸಿಕ್ಕಿತ್ತು. ತರಗತಿಗೆ ಮೊದಲು ಎರಡು ಗಂಟೆ ಕಾಳು, ನೀರು, ತಟ್ಟೆ ತೊಳೆಯುವುದು. ಇಪ್ಪತ್ತನಾಲ್ಕು ಜನ ಸಹಪಾಠಿಗಳು ಹದಿನೇಳು ದೇಶಗಳಿಂದ ಬಂದವರು. ಅವರ ನಡುವೆ ಅವಳ ಮಾತು ಕಡಿಮೆ, ಹಕ್ಕಿಗಳ ನಡುವೆ ಇನ್ನೂ ಕಡಿಮೆ. ಅಲ್ಲಿ ಮಾತಾಡುವ ಅಗತ್ಯವೇ ಇರಲಿಲ್ಲ.

ನರವಿಜ್ಞಾನದ ಈ ಎರಡು ವರ್ಷದ ಓದಿಗೆ ಒಂದು ಕಟ್ಟಳೆಯಿತ್ತು. ಮೊದಲ ವರ್ಷ ಮೂರು ಲ್ಯಾಬುಗಳಲ್ಲಿ ಎಂಟೆಂಟು ವಾರ ಕೆಲಸ ಮಾಡಬೇಕು. ಮೂರರಲ್ಲಿ ಯಾವುದಾದರೂ ಒಂದು 'ಎರಡನೆಯ ವರ್ಷದ ಪ್ರಬಂಧಕ್ಕೆ ಇವಳು ನಮ್ಮಲ್ಲಿರಲಿ' ಅನ್ನಬೇಕು. ಮೊದಲೆರಡು ಲ್ಯಾಬಿನವರು ಮಹ್ಲೆತ್‌ಳನ್ನು ಒಳ್ಳೆಯ ಮಾತು ಹೇಳಿ ಕಳಿಸಿದ್ದರು. ಇದು ಮೂರನೆಯದು, ಕೊನೆಯದು. ಇಲ್ಲಿಯೂ ಆಗಲಿಲ್ಲವೆಂದರೆ ಬೇಸಿಗೆಗೆ ಪೆಟ್ಟಿಗೆ ಕಟ್ಟಿಕೊಂಡು ತನ್ನೂರು ಬಾಹಿರ್ ದಾರ್‌ಗೆ ಹೊರಡಬೇಕಿತ್ತು.

ಲ್ಯಾಬಿನ ಪ್ರಶ್ನೆ ಸರಳವಾದದ್ದು. ಮರಿ ಹಕ್ಕಿ ಗುರುಹಕ್ಕಿಯ ಹಾಡನ್ನು ಕೇಳಿ ಕಲಿಯುತ್ತದೆ. ಕೇಳುವ ಹೊತ್ತಿನಲ್ಲಿ ಮಿದುಳಿನ ಒಂದು ಮೂಲೆಯನ್ನು ಔಷಧಿಯಿಂದ ಮಂಕು ಮಾಡಿದರೆ ಕಲಿಕೆ ಕೆಡುತ್ತದೆಯೇ? ನವೆಂಬರ್, ಡಿಸೆಂಬರಿನಲ್ಲಿ ದಿನವೂ ಬೆಳಿಗ್ಗೆ ಎಂಟು ಹಕ್ಕಿಗೆ ಔಷಧಿ, ಎಂಟಕ್ಕೆ ಬರೀ ಉಪ್ಪುನೀರು. ಸೂಜಿ ಚುಚ್ಚುತ್ತಿದ್ದವನು ಟಿಲ್‌ಮನ್. ಐದು ವರ್ಷದಿಂದ ಇದೇ ಪ್ರಶ್ನೆಯ ಹಿಂದೆ ಬಿದ್ದು ಪಿಎಚ್‌ಡಿ ಮಾಡುತ್ತಿದ್ದ, ಉದ್ದ ಕಾಲಿನ, ಸದಾ ಹಸಿದ ಮುಖದ ಮನುಷ್ಯ. ಹಕ್ಕಿಯನ್ನು ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದವಳು ಆಗಿನ್ನೂ ಆರೈಕೆಗಷ್ಟೇ ಬರುತ್ತಿದ್ದ ಮಹ್ಲೆತ್. ಔಷಧಿಯ ಸಿರಿಂಜಿಗೆ ಕೆಂಪು ಮುಚ್ಚಳ, ಉಪ್ಪುನೀರಿನದಕ್ಕೆ ಬಿಳಿ.

ಹಕ್ಕಿಗಳು ದೊಡ್ಡವಾಗಿ ಹಾಡು ಗಟ್ಟಿಯಾದ ಮೇಲೆ ಟಿಲ್‌ಮನ್ ಎಲ್ಲ ಹಾಡನ್ನೂ ಧ್ವನಿಮುದ್ರಿಸಿ, ಹೆಸರು ಅಳಿಸಿ, ಅಂಕಿ ಕಲಸಿ ಅವಳ ಕೈಗೆ ಕೊಟ್ಟಿದ್ದ. ಯಾವುದು ಯಾರ ಹಾಡು ಎಂದು ತಿಳಿಯದೆ ಕೇಳಿ, ಗುರುವಿನ ಹಾಡಿಗೆ ಎಷ್ಟು ಹತ್ತಿರವಿದೆ ಎಂದು ಹತ್ತಕ್ಕೆ ಅಂಕ ಹಾಕಬೇಕು. ಕಂಪ್ಯೂಟರೂ ಅಳೆಯುತ್ತದೆ. ಆದರೆ ರೆಕ್ಕೆ ಬಡಿತದ ಸದ್ದು ಬಂದಲ್ಲೆಲ್ಲ ಅದು ಎಡವುತ್ತದೆ, ಕಿವಿಯ ಸಾಕ್ಷಿಯೂ ಬೇಕು. ಅದಕ್ಕೇ ಚರ್ಚಿನ ಹಾಡುಗಾರನ ಮಗಳಾದ ಅವಳ ಕಿವಿಯನ್ನು ಲ್ಯಾಬು ನಂಬಿತ್ತು.

ಮೂರನೆಯ ಹಾಡು ಕೇಳುವಷ್ಟರಲ್ಲೇ ಅವಳಿಗೆ ಗೊತ್ತಾಗಿಹೋಯಿತು. ಇವನು ಮೇಲಿನ ಸಾಲಿನವನು, ಕಿಟಕಿ ಪಕ್ಕದವನು, ಹಾಡಿನ ಕೊನೆಯ ಪಲುಕಿಗೆ, ಆ ಕೊನೆಯ ತುಣುಕಿಗೆ, ಮುಂಚೆ ಉಸಿರು ಎಳೆದುಕೊಳ್ಳುವವನು. ಬಿಳಿ ಮುಚ್ಚಳ. ಆರನೆಯವನು ಸ್ನಾನದ ತಟ್ಟೆ ಬೋರಲು ಹಾಕುವವನು. ಕೆಂಪು. ಹೀಗೆ ಹದಿನಾರೂ. ಗುರುತು ಹಿಡಿಯಬಾರದೆಂದು ಅವಳು ಪ್ರಯತ್ನಪಟ್ಟಳು. ಆದರೆ ಬಾಲ್ಯದಿಂದ ಕತ್ತಲಲ್ಲಿ ಕೂತು ಸಾಲಾಗಿ ಪದ್ಯ ಒಪ್ಪಿಸುವ ಅಪ್ಪನ ಶಿಷ್ಯರ ದನಿ ಕೇಳಿಯೇ ಇಂಥವನು ಎಂದು ಹೇಳುತ್ತ ಬಂದ ಕಿವಿಗೆ ಅದು ಆಗುವ ಮಾತಾಗಿರಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳಿದರೆ ಬಡಾಯಿ ಅನ್ನಿಸೀತು ಎಂಬ ಸಂಕೋಚ. ಗೊತ್ತಿದ್ದರೇನು, ನಾನು ಕೇಳಿದ್ದಕ್ಕಷ್ಟೇ ಅಂಕ ಹಾಕುತ್ತೇನಲ್ಲ ಎಂಬ ನೆಮ್ಮದಿ ಬೇರೆ. ಹಾಕಿಯೂ ಹಾಕಿದಳು.

ಬುಧವಾರ ಟಿಲ್‌ಮನ್ ಅಂಕಿಗಳ ಮುಸುಕು ತೆಗೆದು ಯಾವ ಅಂಕ ಯಾವ ಹಕ್ಕಿಯದೆಂದು ಜೋಡಿಸಿದ. ಪರದೆಯ ಮೇಲೆ ಎರಡು ಗುಂಪು ಚುಕ್ಕಿಗಳು ಎದ್ದು ನಿಂತವು, ಬಿಳಿಯವು ಮೇಲೆ, ಕೆಂಪಿನವು ಕೆಳಗೆ. ಐದು ವರ್ಷದಲ್ಲಿ ಇಷ್ಟು ಶುಭ್ರವಾದ ಚಿತ್ರ ಬಂದಿರಲಿಲ್ಲವೆಂದು ಅವನು ಎರಡು ಸಲ ಹೇಳಿ, ಓಡಿಹೋಗಿ ಲ್ಯಾಬಿನ ಮುಖ್ಯಸ್ಥೆ ಪ್ರೊಫೆಸರ್ ಹೈಕೆ ಫೋಲ್ಕರ್ಟ್ಸ್ ಅವರನ್ನು ಕರೆತಂದ. ಹೈಕೆ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಬಿಳಿಯದೊಂದು ಚುಕ್ಕಿ ಮಾತ್ರ ಕೆಂಪಿನವುಗಳ ನಡುವೆ ಕೆಳಗೆ ಬಿದ್ದಿತ್ತು. ಯಾವಾಗಲೂ ಒಬ್ಬ ಮುನಿಸಿಕೊಂಡವನು ಇದ್ದೇ ಇರುತ್ತಾನೆ ಎಂದು ಟಿಲ್‌ಮನ್ ನಕ್ಕ. ಹೊರಡುವಾಗ ಹೈಕೆ ಮಹ್ಲೆತ್ ಕಡೆ ತಿರುಗಿ, ಸೋಮವಾರ ಬಂದು ಕಾಣು, ಪ್ರಬಂಧದ ವಿಷಯ ಮಾತಾಡೋಣ ಎಂದರು. ಅಂದು ಸಂಜೆ ಅವಳು ಕೋಣೆಯಲ್ಲಿ ಮಂಡಿಯೂರಿ ಕೂತು ಮೇರಿ ಮಾತೆಗೆ ಹೇಳಬೇಕಾದ್ದೆಲ್ಲ ಹೇಳಿದಳು.

ಗುರುವಾರ ಟಿಲ್‌ಮನ್ ಚುಚ್ಚುಮದ್ದಿನ ಪುಸ್ತಕ ಕೊಟ್ಟು ಹಕ್ಕಿಗಳ ತೂಕವನ್ನು ಕಂಪ್ಯೂಟರಿಗೆ ತುಂಬಿಸಲು ಹೇಳಿದ. ಏಪ್ರಿಲ್‌ನ ಸಮ್ಮೇಳನದಲ್ಲಿ ಅವನ ಭಾಷಣವಿತ್ತು. ಹನ್ನೊಂದನೆಯ ಹಕ್ಕಿಯ ಪುಟಕ್ಕೆ ಬಂದಾಗ ಅವಳ ಬೆರಳು ನಿಂತಿತು. ರೆಕ್ಕೆಯಲ್ಲಿ ಒಂದು ಬಿಳಿ ಗರಿ ಇದ್ದವನು. ಪುಕ್ಕ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂರುವ ಮಂಕುಮೋರೆಯವನು. ಅವನಿಗೆ ಕೆಂಪು ಮುಚ್ಚಳವೆಂದೇ ಅವಳು ತಿಳಿದಿದ್ದಳು. ಪುಸ್ತಕದಲ್ಲಿ ಮೊದಲಿನಿಂದ ಕೊನೆಯ ದಿನದವರೆಗೂ ಉಪ್ಪುನೀರು ಎಂದಿತ್ತು.

ಅವನ ಹಾಡನ್ನು ಮತ್ತೆ ಹಾಕಿ ಕೇಳಿದಳು. ಹೋದ ವಾರ ಕೇಳಿದಾಗ ನಾಲ್ಕನೆಯ ಪಲುಕು ಇರಲೇ ಇಲ್ಲ. 'ಬಿಟ್ಟಿದ್ದಾನೆ' ಎಂದು ತಾನೇ ಬರೆದು ಮೂರು ಅಂಕ ಹಾಕಿದ್ದಳು. ಈಗ ಕೇಳಿದರೆ ಇತ್ತು. ಮೆತ್ತಗೆ, ಮೂರನೆಯದರ ಬೆನ್ನಿಗೆ ಅಂಟಿಕೊಂಡು, ಆದರೆ ಇತ್ತು. ಐದು ಸಲ ಕೇಳಿದರೂ ಇತ್ತು. ಏಳಕ್ಕೆ ಕಡಿಮೆಯಿಲ್ಲದ ಹಾಡು. ಇಲ್ಲದ್ದನ್ನು ಕೇಳಿಸಿಕೊಳ್ಳುವುದು ಬೇರೆ ಮಾತು. ಕೆಂಪಿನವನೆಂದು ತಿಳಿದಿದ್ದಕ್ಕೇ ಇದ್ದದ್ದನ್ನು ಕಿವಿ ಅಳಿಸಿಹಾಕಿತ್ತು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಹಪಾಠಿ ಕೆತೆವಾನ್ ಎದುರು ಕೂತು ಎಲ್ಲವನ್ನೂ ಹೇಳಿದಳು. ಕೆತೆವಾನ್ ಜಾರ್ಜಿಯಾದವಳು, ಕಣ್ಣಿನ ಚಲನೆ ಅಳೆಯುವ ಲ್ಯಾಬಿನಲ್ಲಿದ್ದಳು, ಬಾಯಿಯೂ ಕಣ್ಣಿನಷ್ಟೇ ಚುರುಕು. ಈಸ್ಟರ್ ಮುಂಚಿನ ಉಪವಾಸದ ದಿನಗಳು, ಮಾಂಸ, ಹಾಲು ಮುಟ್ಟುವಂತಿಲ್ಲ. ಮಹ್ಲೆತ್ ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆ, ಬೇಳೆ. ಕೆತೆವಾನ್ ತಟ್ಟೆಯಲ್ಲಿ ಚೀಸ್.

"ನನ್ನ ಪಾಲಿನ ಉಪವಾಸಾನೂ ನೀನೇ ಮಾಡ್ಬಿಡು ಕಣೇ, ದೇವರಿಗೆ ಲೆಕ್ಕ ಸರಿಹೋಗುತ್ತೆ," ಎಂದು ಶುರುಮಾಡಿದವಳು ಕತೆ ಮುಗಿಯುವಷ್ಟರಲ್ಲಿ ಫೋರ್ಕ್ ಕೆಳಗಿಟ್ಟಿದ್ದಳು. "ಸರಿ. ಆ ಒಂದನ್ನ ತಿದ್ದು. ಮೂರು ಇದ್ದಿದ್ದು ಏಳಾಗುತ್ತೆ. ಕೆಳಗೆ ಬಿದ್ದಿರೋ ಚುಕ್ಕಿ ಮೇಲೆ ಹೋಗುತ್ತೆ, ಚಿತ್ರ ಇನ್ನೂ ಚೆನ್ನಾಗಾಗುತ್ತೆ. ನಿಜಾನೂ ಹೇಳ್ದಂಗಾಯ್ತು, ಟಿಲ್‌ಮನ್‌ಗೂ ಖುಷಿ. ಇದರಲ್ಲಿ ಅಳೋದೇನಿದೆ?"

"ಉಳಿದ ಹದಿನೈದು?"

"ಅವು ಸರಿಯಾಗೇ ಇವೆಯಲ್ಲ."

"ಸರಿ ಇವೆ ಅಂತ ಯಾರು ಹೇಳಿದ್ದು? ಇದೇ ಕಿವಿ ತಾನೆ?"

ಕೆತೆವಾನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, ಸೋಮವಾರ ಕಳೀಲಿ, ಹೈಕೆ ಸಹಿ ಹಾಕಲಿ, ಆಮೇಲೆ ನಿನ್ನ ಕಿವಿಯ ಪಾಪವನ್ನ ಯಾವ ಪಾದ್ರಿ ಹತ್ತಿರ ಬೇಕಾದರೂ ಹೇಳ್ಕೋ ಎಂದಳು. ತಮಾಷೆಯಂತೆ ಹೇಳಿದ್ದರೂ ಅದು ತಮಾಷೆಯಾಗಿರಲಿಲ್ಲ. ತನ್ನ ಗೆಳತಿ ಇಲ್ಲೇ ಉಳಿಯಲಿ ಎಂಬ ಆಸೆ ಅದರಲ್ಲಿತ್ತು. ಮಹ್ಲೆತ್‌ಗೆ ಅದು ತಿಳಿಯಿತು.

ಊರಿನಲ್ಲಿ ಸರೋವರದ ದಂಡೆಯ ಚರ್ಚಿನ ಅಂಗಳದಲ್ಲಿ ಅಪ್ಪ ಕಣ್ಣು ಮುಚ್ಚಿ ಕೂತು ಶಿಷ್ಯರ ಪದ್ಯ ಕೇಳುತ್ತಿದ್ದರು. ಏಳು ವರ್ಷ ಕಲಿತವರು ಕೊನೆಗೊಮ್ಮೆ ಪೂರ್ತಿ ಒಪ್ಪಿಸಿ ತೇರ್ಗಡೆಯಾಗಬೇಕು. ಚಿಕ್ಕಪ್ಪನ ಮಗ ಗೆತಾಹುನ್‌ನ ಸರದಿ ಬಂದಾಗ ಅಪ್ಪ ಎದ್ದುಬಿಟ್ಟರು. ಆಚೆ ದಂಡೆಯ ಚರ್ಚಿನ ಗುರುವಿನ ಬಳಿ ಹೋಗಿ ಒಪ್ಪಿಸು ಅಂದರು. ಅಲ್ಲಿ ಅವನು ಎರಡು ಸಲ ತಪ್ಪಿದ. ಚಿಕ್ಕಪ್ಪ ಒಂದು ವರ್ಷ ಮನೆಯ ಕಡೆ ತಲೆಹಾಕಲಿಲ್ಲ. ಅಮ್ಮ ರೇಗಿ ಕೇಳಿದ್ದಕ್ಕೆ ಅಪ್ಪ ಹೇಳಿದ್ದಿಷ್ಟೇ. ಹುಡುಗ ಬಾಯಿ ತೆರೆಯುವ ಮುಂಚೆಯೇ ನನ್ನ ಕಿವಿ ಅವನ ಪರವಾಗಿ ಹಾಡಿಬಿಡುತ್ತದೆ, ನಾನೇನು ಮಾಡಲಿ. ಆಗ ಮಹ್ಲೆತ್‌ಗೆ ಅದು ಅಪ್ಪನ ಹಟ ಅನ್ನಿಸಿತ್ತು. ಹನ್ನೊಂದನೆಯ ಹಕ್ಕಿಗೆ ಅವಳ ಕಿವಿ ಮಾಡಿದ್ದೂ ಅದನ್ನೇ, ವಿರುದ್ಧವಾಗಿ ಅಷ್ಟೆ.

ಶುಕ್ರವಾರ ಬೆಳಿಗ್ಗೆ ಹೈಕೆ ಅವರ ಕೋಣೆಗೆ ಹೋದಳು. ಟಿಲ್‌ಮನ್ ಅಲ್ಲೇ ಇದ್ದ. ಅವನಿಲ್ಲದಾಗ ಬರಬೇಕಿತ್ತು ಅನ್ನಿಸಿತು. ಮರುಕ್ಷಣ, ಇಲ್ಲ, ಅವನ ಮುಂದೆಯೇ ಹೇಳಬೇಕು ಅನ್ನಿಸಿತು. ನಿಂತುಕೊಂಡೇ ಹೇಳಿದಳು.

ಟಿಲ್‌ಮನ್ ಮೊದಲು ನಕ್ಕ. ಹಕ್ಕಿಗಳೆಲ್ಲ ಒಂದೇ ಗುರುವಿನ ಶಿಷ್ಯರು, ಕಂಪ್ಯೂಟರಿಗೇ ಒಬ್ಬರನ್ನೊಬ್ಬರಿಂದ ಬೇರೆ ಮಾಡಲು ಆಗುವುದಿಲ್ಲ, ಇವಳಿಗೆ ಹೇಗೆ ಗೊತ್ತಾಗುತ್ತದೆ, ಹೆದರಿಕೆಗೆ ಏನೇನೋ ಕಲ್ಪಿಸಿಕೊಂಡಿದ್ದಾಳೆ ಎಂದ.

"ಎಷ್ಟು ಹಕ್ಕಿ ಗುರುತು ಸಿಕ್ತು?" ಎಂದು ಹೈಕೆ ಕೇಳಿದರು.

"ಹದಿನಾರೂ."

ಹೈಕೆ ಕಂಪ್ಯೂಟರ್ ತಮ್ಮ ಕಡೆ ತಿರುಗಿಸಿಕೊಂಡು ಹಾಡು ಹಾಕಲು ಶುರುಮಾಡಿದರು, ಮನಸ್ಸಿಗೆ ಬಂದ ಕ್ರಮದಲ್ಲಿ. ಮಹ್ಲೆತ್ ಗೋಡೆಯ ಕಡೆ ಮುಖಮಾಡಿ ನಿಂತಳು. ಕೆಳಗಿನ ಸಾಲು, ಬಾಗಿಲಿಂದ ಎರಡನೆಯವನು. ಕಿಟಕಿ ಪಕ್ಕದವನು. ತಟ್ಟೆ ಬೋರಲು ಹಾಕುವವನು. ಬಿಳಿ ಗರಿಯವನು. ಒಂಬತ್ತನೆಯ ಹಾಡಿಗೆ ಅವಳು ತಡೆದಳು. ಇನ್ನೊಮ್ಮೆ ಹಾಕಿ ಎಂದಳು. ಹಾಕಿದರು.

"ಇವನು ಯಾರೋ ನನಗೆ ಗೊತ್ತಿಲ್ಲ. ನಮ್ಮ ಕೋಣೆಯವನಲ್ಲ."

ಅದು ಹೋದ ವರ್ಷದ ತಂಡದ ಹಕ್ಕಿ, ಹೈಕೆ ಬೇಕೆಂದೇ ನಡುವೆ ಸೇರಿಸಿದ್ದರು. ಟಿಲ್‌ಮನ್‌ನ ಮುಖದಲ್ಲಿದ್ದ ನಗು ಅಲ್ಲಿಗೆ ನಿಂತಿತು. ಉಳಿದವನ್ನೂ ಅವಳು ಒಂದೊಂದಾಗಿ ಹೇಳಿ ಮುಗಿಸಿದಳು. ಹದಿನಾರಕ್ಕೆ ಹದಿನಾರು.

ಹೊರಗೆ ಟ್ರಾಮ್ ತಿರುವಿನಲ್ಲಿ ಕಿರುಗುಟ್ಟಿಕೊಂಡು ಹೋಯಿತು. ಟಿಲ್‌ಮನ್ ತನ್ನ ಮಂಡಿಗಳನ್ನು ನೋಡುತ್ತ ಕೂತಿದ್ದ. ಈಗ ಸಿಟ್ಟಾಗುತ್ತಾನೆ ಎಂದು ಮಹ್ಲೆತ್ ಕಾದಳು. ಐದು ವರ್ಷ ದುಡಿದವನು, ಸಿಟ್ಟಾದರೆ ತಪ್ಪೇನು.

"ನನಗೂ ಕೆಲವು ಗೊತ್ತಾಗುತ್ತೆ," ಎಂದ ಅವನು. "ಇವಳಷ್ಟಲ್ಲ. ನಾಲ್ಕೋ ಐದೋ. ಹೋದ ವರ್ಷದ್ದಕ್ಕೆ ಅಂಕ ಹಾಕಿದ್ದು ನಾನೇ."

ಹೈಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಯ್ಯಲಿಲ್ಲ, ಹೊಗಳಲೂ ಇಲ್ಲ. ಎರಡು ವರ್ಷದ ಹಾಡುಗಳನ್ನೂ ಹಕ್ಕಿಯ ಕೋಣೆಗೆ ಕಾಲಿಡದವರು ಮೊದಲಿಂದ ಕೇಳಬೇಕು, ಸಮ್ಮೇಳನದ ಭಾಷಣ ವಾಪಸ್ ತೆಗೆದುಕೊಳ್ಳಬೇಕು, ಆ ಪತ್ರವನ್ನು ನಾನೇ ಬರೆಯುತ್ತೇನೆ ಎಂದರು. ಬಾಗಿಲ ಬಳಿ ಮಹ್ಲೆತ್‌ಳನ್ನು ನಿಲ್ಲಿಸಿದರು.

"ಸೋಮವಾರ ಬಾ ಅಂದಿದ್ದೆ, ಬಾ. ಆದರೆ ಏನು ಹೇಳ್ತೀನಿ ಅಂತ ನನಗೇ ಇವತ್ತು ಗೊತ್ತಿಲ್ಲ."

ಟಿಲ್‌ಮನ್ ಟ್ರಾಮ್ ನಿಲ್ದಾಣದವರೆಗೆ ಅವಳ ಜೊತೆ ನಡೆದ. ಸೈಕಲ್ ಇದ್ದರೂ ತಳ್ಳಿಕೊಂಡೇ ಬಂದ. ಅವಳು ಕ್ಷಮೆ ಕೇಳಿದಳು. ಅವನು ಬೇಡವೆಂಬಂತೆ ತಲೆಯಾಡಿಸಿದ.

"ನೀನು ಹೇಳದೆ ಇದ್ದಿದ್ರೆ ನಾನೂ ಹೇಳ್ತಿರ್ಲಿಲ್ಲ. ಅದಕ್ಕೆ ನಿನಗೊಂದು ಥ್ಯಾಂಕ್ಸ್ ಬಾಕಿ ಇದೆ. ಆದರೆ ಇವತ್ತು ಬಾಯಿಗೆ ಬರ್ತಾ ಇಲ್ಲ."

"ಬೇಡ," ಎಂದಳು. ಟ್ರಾಮ್ ಬರುವವರೆಗೂ ಅವನು ಅವಳ ಜೊತೆ ನಿಂತಿದ್ದ.

ಶನಿವಾರ, ಭಾನುವಾರ ಹೇಗೋ ಕಳೆದವು. ಸೋಮವಾರ ಹೈಕೆ ಮೇಜಿನ ಮುಂದೆ ಕೂತು ಕಾಯುತ್ತಿದ್ದರು. ಹದಿನಾರಕ್ಕೆ ಹದಿನಾರು ಗುರುತಿಸುವ ಕಿವಿಯನ್ನು ಬೇರೆ ಲ್ಯಾಬಿಗೆ ಕಳಿಸುವಷ್ಟು ದಡ್ಡಿಯಲ್ಲ ನಾನು ಎಂದರು. ಮಹ್ಲೆತ್ ಉಸಿರು ಬಿಡುವ ಮುಂಚೆಯೇ ಕೈಯೆತ್ತಿ ತಡೆದರು.

"ಆದರೆ ಒಂದು ಆರಿಸ್ಕೋಬೇಕು. ಹಕ್ಕಿಗಳನ್ನ ಸಾಕೋದಾದ್ರೆ ಅವುಗಳ ಹಾಡಿಗೆ ನೀನು ಅಂಕ ಹಾಕೋ ಹಾಗಿಲ್ಲ. ಮುಂದಿನ ತಂಡದ ಹಾಡು ಕೇಳೋದಾದ್ರೆ ಆ ಕೋಣೆಗೆ ಇನ್ನು ಹೋಗೋ ಹಾಗಿಲ್ಲ. ಇಡೀ ವರ್ಷ. ಕಾಳು ಹಾಕೋದಕ್ಕೂ ಇಲ್ಲ. ಯೋಚನೆ ಮಾಡಿ ನಾಳೆ ಹೇಳು."

ನಾಳೆಯವರೆಗೆ ಕಾಯುವುದೇನಿದೆ ಎಂದು ಅವಳಿಗೆ ಅನ್ನಿಸಿತು. ಕಾದಷ್ಟೂ ಕಿಟಕಿ ಪಕ್ಕದವನು, ಬಿಳಿ ಗರಿಯವನು ಒಬ್ಬೊಬ್ಬರಾಗಿ ನೆನಪಿಗೆ ಬಂದು ಕಾಲಿಗೆ ತೊಡರುತ್ತಾರೆ. ಐದು ತಿಂಗಳಿಂದ ಕತ್ತಿನಲ್ಲಿ ಶಿಲುಬೆಯ ಜೊತೆಗೇ ನೇತಾಡುತ್ತಿದ್ದ ಹಕ್ಕಿಕೋಣೆಯ ಬೀಗದ ಕೈಯನ್ನು ಬಿಚ್ಚಿದಳು. ದಾರ ಗಂಟುಹಾಕಿಕೊಂಡಿತ್ತು, ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಹೈಕೆ ಅವಸರ ಮಾಡದೆ ಕಾದರು. ಗಂಟು ಬಿಟ್ಟಿತು. ಬೀಗದ ಕೈಯನ್ನು ಅವರ ಮೇಜಿನ ಮೇಲಿಟ್ಟಳು.

"ಹನ್ನೊಂದನೆಯವನಿಗೆ ನೀರಿನ ತಟ್ಟೆಯನ್ನ ಮೂಲೆಯಲ್ಲೇ ಇಡೋಕೆ ಹೇಳಿ," ಎಂದಳು. "ನಡುವೆ ಇಟ್ಟರೆ ಅವನು ಕುಡಿಯೋದಿಲ್ಲ."

ಹೈಕೆ ಅದನ್ನು ಬರೆದುಕೊಂಡರು.