ಕಾನೂನು ಪಾಲಿಸಿದ ಹಡಗು

ವಾಂತಿಯ ವಾಸನೆಯನ್ನು ಎಷ್ಟಕ್ಕೆ ಇಡಬೇಕು ಎಂದು ತೀರ್ಮಾನಿಸಲು ಸಮಿತಿಯವರು ಮೂರು ಸಲ ಸಭೆ ಸೇರಿದ್ದರು. ವಾಸನೆ ಬಿಡುವ ಯಂತ್ರದ ತಿರುಗಣೆ ಹತ್ತರವರೆಗೆ ಹೋಗುತ್ತಿತ್ತು. ಎರಡಕ್ಕೆ ನಿಲ್ಲಿಸುವುದು, ಜೊತೆಗೆ ಒಂದಿಷ್ಟು ಶುಂಠಿಯ ಪರಿಮಳ ಸೇರಿಸುವುದು ಎಂದು ಸರ್ವಾನುಮತದಿಂದ ನಿರ್ಧಾರವಾಯಿತು.

ಸಿಯಾಟಲ್‌ನ ಕಡಲಂಚಿನ ಆ ಪುಟ್ಟ ಮ್ಯೂಸಿಯಂನಲ್ಲಿ, ಹಾಂಗ್‌ಕಾಂಗ್‌ನಿಂದ ಚೀನೀ ವಲಸಿಗರನ್ನು ಹೊತ್ತು ತರುತ್ತಿದ್ದ ಹಬೆ ಹಡಗೊಂದರ ಕೆಳ ಅಟ್ಟವನ್ನು ಮರದಲ್ಲಿ ಕಟ್ಟಿ ನಿಲ್ಲಿಸಿದ್ದರು. ನೋಡಲು ಬಂದವರು ಏಣಿ ಇಳಿದು, ಹಲಗೆಯ ಮೇಲೆ ಮೈಚಾಚಿ, ಇತಿಹಾಸವನ್ನು ಮೂಗಿನಿಂದಲೂ ಅನುಭವಿಸಬೇಕೆಂಬುದು ಯೋಜನೆ. ಅದಕ್ಕೆಂದೇ ಪೋರ್ಟ್‌ಲ್ಯಾಂಡಿನಿಂದ ಬಂದ ವಾಸನೆ ತಜ್ಞನೊಬ್ಬ ಬೆವರು, ಉಪ್ಪುಮೀನು, ಕಲ್ಲಿದ್ದಲ ಹೊಗೆ, ಹಡಗಿನ ತಳದ ಕೊಳೆತ ನೀರು, ವಾಂತಿ ಎಲ್ಲವನ್ನೂ ಅತ್ತರು ಮಾರುವವನಂತೆ ಸಣ್ಣ ಸೀಸೆಗಳಲ್ಲಿ ಜೋಡಿಸಿಕೊಟ್ಟಿದ್ದ. "ಹತ್ತು ಅಂದರೆ ನಿಜ. ಎರಡು ಅಂದರೆ ಟಿಕೆಟ್ ಕೊಂಡವರಿಗೆ," ಎಂದಿದ್ದ. ಅವನಿಗೆ ಬೇಕಾದ ವಿವರಗಳನ್ನೆಲ್ಲ ಒದಗಿಸಿದವಳು ಜೈನಬ್.

ಮೈಸೂರಿನ ಜೈನಬ್ ಇಲ್ಲಿನ ಯೂನಿವರ್ಸಿಟಿಯಲ್ಲಿ ಆರು ವರ್ಷ ಕೂತು, ಬ್ರಿಟಿಷರು 1855ರಲ್ಲಿ ಚೀನೀ ಪ್ರಯಾಣಿಕರಿಗಾಗಿ ಮಾಡಿದ ಕಾನೂನಿನ ಮೇಲೆ ಪಿಎಚ್.ಡಿ. ಮುಗಿಸಿದ್ದಳು. ಕಾಗದದ ಮೇಲೆ ಅದು ಬಹಳ ಮುದ್ದಾದ ಕಾನೂನು. ತಲೆಗೆ ಹನ್ನೆರಡು ಚದರಡಿ ಜಾಗ, ಇಷ್ಟು ಅಕ್ಕಿ, ಇಷ್ಟು ನೀರು, ಇಷ್ಟೇ ಇಷ್ಟು ಚಹಾ. ಹಡಗು ಹೊರಡುವ ಮುಂಚೆ ಅಧಿಕಾರಿಯೊಬ್ಬ ಬಂದು, ಎಲ್ಲಿಗೆ ಹೋಗುತ್ತಿದ್ದೀರೆಂದು ಗೊತ್ತೇ, ಒಪ್ಪಿ ಹೋಗುತ್ತಿದ್ದೀರೇ ಎಂದು ದುಭಾಷಿಯ ಮೂಲಕ ವಿಚಾರಿಸಬೇಕು. ಆಮೇಲೆ ಸರ್ಟಿಫಿಕೇಟು, ಆಮೇಲೆ ಲಂಗರು ಎತ್ತುವುದು.

ಜೈನಬ್‌ಗೆ ಮ್ಯೂಸಿಯಂ ಕೊಟ್ಟಿದ್ದು ತಾತ್ಕಾಲಿಕ ಕೆಲಸ. ಗಂಡ ಫಾಜಿಲ್‌ಗೆ ರೆಡ್ಮಂಡ್‌ನಲ್ಲಿದ್ದ ನೌಕರಿ ಹೋಗಿ ಒಂದಿಷ್ಟು ಕಾಲವಾಗಿತ್ತು. ಈಗ ಮನೆಯವರೆಲ್ಲರ ವೀಸಾ ಅವಳೊಬ್ಬಳ ಕೆಲಸಕ್ಕೆ ಕಟ್ಟಿ ನೇತುಹಾಕಿದಂತಿತ್ತು. ಕೆಲಸ ಕಾಯಂ ಆದರೆ ಇಲ್ಲಿರುವುದು, ಇಲ್ಲದಿದ್ದರೆ ಗಂಟುಮೂಟೆ. ಕಾಯಂ ಮಾಡಬೇಕಾದವರು ಪ್ರತಾಪ್.

ಪ್ರತಾಪ್ ಬೆಂಗಳೂರಿನ ಬಸವನಗುಡಿಯವರು. ಸಾಫ್ಟ್‌ವೇರ್ ಷೇರುಗಳನ್ನು ಸಕಾಲದಲ್ಲಿ ಮಾರಿ, ಐವತ್ತಕ್ಕೇ ನಿವೃತ್ತರಾಗಿ, ಈಗ ಸಂಸ್ಕೃತಿಯನ್ನು ಉಳಿಸುತ್ತಿದ್ದರು. ಮ್ಯೂಸಿಯಂನ ಟ್ರಸ್ಟಿಗಳಲ್ಲಿ ಅವರದೇ ದೊಡ್ಡ ದನಿ. ಪ್ರದರ್ಶನಕ್ಕೆ ಅಲಾಸ್ಕಾ ಕ್ರೂಸ್ ಓಡಿಸುವ ಕಂಪನಿಯೊಂದರಿಂದ ಪ್ರಾಯೋಜಕತ್ವ ಹಿಡಿದು ತಂದವರೂ ಅವರೇ.

"ಗೋಡೆಗೆ ಹಾಕಿರೋ ನಿನ್ನ ಪ್ಯಾನೆಲ್ ಓದ್ದೆ ಕಣಮ್ಮಾ. ಸೂಪರ್ ಆಗಿದೆ," ಎಂದರು ಉದ್ಘಾಟನೆಯ ಸಂಜೆ. "ಆದ್ರೆ ಸ್ವಲ್ಪ ಡಿಪ್ರೆಸಿಂಗು. ಅದಕ್ಕೇ ಹೆಡಿಂಗ್ ಚೇಂಜ್ ಮಾಡ್ಸಿದೀನಿ. 'ಜಗತ್ತಿನ ಮೊದಲ ಪ್ಯಾಸೆಂಜರ್ ರೈಟ್ಸ್.' ಹೆಂಗಿದೆ?"

"ಸರ್, ಅದು ನಿಜ ಅಲ್ಲ."

"ಅಯ್ಯೋ, ಹೆಡಿಂಗ್ ತಾನೇ? ಸ್ಪಾನ್ಸರ್‌ಗೆ ತುಂಬಾ ಇಷ್ಟ ಆಯ್ತು. ಅವರದ್ದೂ ಹಡಗೇ ಅಲ್ವಾ! ಬಾ ಬಾ, ನಿಂಗೊಂದು ರೋಲ್ ಇಟ್ಟಿದೀನಿ." ಎಂದವರು ಕಡುಗೆಂಪು ರೇಷ್ಮೆಯ ಕೋಟೊಂದನ್ನು ಅವಳ ಕೈಗೆ ತುರುಕಿದರು. ಕುತ್ತಿಗೆಗೆ ಪಟ್ಟಿ, ಎದೆಯ ಮೇಲೆ ಡ್ರ್ಯಾಗನ್. "ನೀನು ಇಂಟರ್ಪ್ರಿಟರ್. ಬಾಗಿಲಲ್ಲಿ ನಿಂತ್ಕೊಂಡು ಬಂದೋರ‍್ನೆಲ್ಲ ಕೇಳು, ಒಪ್ಪಿ ಬಂದಿದೀರಾ ಅಂತ. ಎಸ್ ಅಂದ್ರೆ ಒಂದು ಗ್ಲಾಸ್ ವೈನು."

"ನಾನು ಚೀನಿಯವಳಲ್ಲ ಸರ್."

"ಅದೆಲ್ಲ ಯಾರಿಗ್ ಗೊತ್ತಾಗತ್ತೆ? ಏಷ್ಯಾ ತಾನೇ?"

ಪಕ್ಕದಲ್ಲಿದ್ದ ಅವರ ಹೆಂಡತಿ ಗ್ರೀಷ್ಮಾ ಕೋಟಿನ ತೋಳು ಸವರಿ, "ನಿಂಗೆ ಈ ಕಲರ್ ಏನ್ ಒಪ್ಪತ್ತೆ ಗೊತ್ತಾ!" ಎಂದಳು. ಜೈನಬ್ ಕೋಟು ತೊಟ್ಟುಕೊಂಡಳು. ಹಿಂದೆ ಯಾರೋ ತೊಟ್ಟು ಬೆವೆತಿದ್ದ ಕೋಟು. ಕಂಕುಳಲ್ಲಿ ತೇವ ಒಣಗಿದ ಬಿಳಿ ಗೆರೆಯಿತ್ತು.

ಅತಿಥಿಗಳು ಬಂದರು. ಒಪ್ಪಿ ಬಂದಿದ್ದೀರಾ ಎಂದು ಕೇಳಿದಾಗಲೆಲ್ಲ ಗಂಡಸರಲ್ಲಿ ಬಹುಪಾಲು ಜನ "ಇಲ್ಲ, ಹೆಂಡತಿ ಎಳೆದುಕೊಂಡು ಬಂದಳು" ಎಂದು, ಆ ಹಾಸ್ಯ ಜಗತ್ತಿನಲ್ಲಿ ಮೊದಲ ಬಾರಿಗೆ ತಮಗೇ ಹೊಳೆದದ್ದೆಂಬಂತೆ ನಕ್ಕರು. ವೈನು ಹಿಡಿದು ಏಣಿ ಇಳಿದರು. ಹಲಗೆಗಳ ಮೇಲೆ ಒತ್ತೊತ್ತಾಗಿ ಮಲಗಿ ಸೆಲ್ಫಿ ತೆಗೆದುಕೊಂಡರು. "ವಾಸನೆ ಒಂಥರಾ ಸ್ಪಾ ಇದ್ದ ಹಾಗಿದೆ," ಎಂದು ಯಾರೋ ಮೆಚ್ಚಿದರು. ಶುಂಠಿ ತನ್ನ ಕೆಲಸ ಮಾಡಿತ್ತು.

ಊಟ ಬಡಿಸಲು ಕ್ರೂಸ್ ಕಂಪನಿ ತನ್ನ ಹಡಗಿನವರನ್ನೇ ಕಳಿಸಿತ್ತು. ಕಾನೂನಿನಲ್ಲಿದ್ದ ಅಕ್ಕಿ, ಉಪ್ಪುಮೀನುಗಳೇ ಈಗ ಬೆರಳಷ್ಟು ಉಂಡೆಗಳಾಗಿ, ಮೇಲೊಂದು ಹೂವಿನ ಎಸಳಿಟ್ಟುಕೊಂಡು ತಟ್ಟೆಯಲ್ಲಿ ಬಂದವು. ತಟ್ಟೆ ಹಿಡಿದವನ ಎದೆಯ ಮೇಲೆ ಹೆಸರು, ಹೆಸರಿನ ಕೆಳಗೆ ದೇಶ: ಜೋಸೆಲ್, ಫಿಲಿಪೀನ್ಸ್. ಸಂಜೆಯಿಡೀ ಒಂದೇ ಪ್ರಶ್ನೆ ಕೇಳಿ ಕೇಳಿ ನಾಲಿಗೆಗೆ ಅಭ್ಯಾಸವಾಗಿಹೋಗಿದ್ದ ಜೈನಬ್, ಬಾಗಿಲು ದಾಟುತ್ತಿದ್ದ ಅವನನ್ನೂ ಕೇಳಿಬಿಟ್ಟಳು: "ಒಪ್ಪಿ ಬಂದಿದ್ದೀರಾ?"

ಜೋಸೆಲ್ ತಕ್ಷಣ ಉತ್ತರಿಸಲಿಲ್ಲ. ಮೊದಲು ಮೂಲೆಯಲ್ಲಿ ನಿಂತಿದ್ದ ತನ್ನ ಸೂಪರ್‌ವೈಸರ್ ಕಡೆ ನೋಡಿದ. ಆಮೇಲೆ, "ಹೌದು ಮ್ಯಾಮ್. ತುಂಬಾ ಸಂತೋಷ," ಎಂದು ನಕ್ಕು ಏಣಿ ಇಳಿದ.

ಆರು ವರ್ಷ ಜೈನಬ್ ಓದಿದ ದಾಖಲೆಗಳಲ್ಲೆಲ್ಲ ಎಲ್ಲರೂ ಒಪ್ಪಿದ್ದರು. ಒಪ್ಪುವ ಮುಂಚೆ ಕಣ್ಣು ಯಾವ ಕಡೆ ಹೋಯಿತು ಎಂದು ಒಬ್ಬ ಅಧಿಕಾರಿಯೂ ಬರೆದಿಟ್ಟಿರಲಿಲ್ಲ. ಬರೆಯಲು ನಮೂನೆಯಲ್ಲಿ ಅವನಿಗೆ ಜಾಗವನ್ನೂ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಏಣಿಯ ಮೇಲ್ತುದಿಯಲ್ಲಿ ಪ್ರತಾಪ್ ಮೈಕು ಹಿಡಿದು ನಿಂತಿದ್ದರು. ಪ್ರಾಯೋಜಕರಿಗೆ ವಂದನೆ, ಬಹುತ್ವದ ಬಗ್ಗೆ ನಾಲ್ಕು ಮಾತು, ತಾವೂ ಒಬ್ಬ ವಲಸಿಗನೇ ಎಂಬ ಗದ್ಗದ. ಕೊನೆಗೆ ಇಂಗ್ಲಿಷಿನಲ್ಲೇ, "ಎಲ್ಲರನ್ನೂ ಕೇಳಿದ ನಮ್ಮ ದುಭಾಷಿಯನ್ನು ಯಾರೂ ಕೇಳಲಿಲ್ಲವಲ್ಲ! ಜೈನಬ್, ನೀನು ಒಪ್ಪಿ ಬಂದಿದ್ದೀಯಾ?" ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು.

ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ತನ್ನ ಕಣ್ಣು ಪ್ರತಾಪ್ ಮುಖದತ್ತ ಹೋಗಿದ್ದು ಅವಳಿಗೆ ಗೊತ್ತಾಯಿತು. ಜೋಸೆಲ್ ನೋಡಿದಂತೆಯೇ, ಅಷ್ಟೇ ಹೊತ್ತು.

"ಇಲ್ಲ," ಎಂದಳು.

ಹಲಗೆಗಳ ಮೇಲೆ ಮಲಗಿದ್ದವರೂ ಎದ್ದು ಕೂತು ಚಪ್ಪಾಳೆ ಹೊಡೆದರು. ಯಾರೋ ಸಿಳ್ಳೆ ಹಾಕಿದರು. ಪ್ರತಾಪ್ ಮೈಕು ಮುಚ್ಚಿ, "ಫೆಂಟಾಸ್ಟಿಕ್ ಕಣೇ! ಟೈಮಿಂಗ್ ಅಂದ್ರೆ ಇದು!" ಎಂದು ಪಿಸುಗುಟ್ಟಿದರು. "ದಿನಾ ಶೋನಲ್ಲಿ ಇದನ್ನೇ ಇಟ್ಕೊಳೋಣ. ಶನಿವಾರ ಎರಡು ಸಲ. ಸೋಮವಾರ ಆಫೀಸಿಗೆ ಬಾ, ಕಾಯಂ ಮಾಡಿಸ್ತೀನಿ. ಪಕ್ಕಾ!"

ಇಲ್ಲ ಎಂದದ್ದಕ್ಕೇ ಕೆಲಸ ಸಿಕ್ಕಿತ್ತು. ಜೈನಬ್ ಮುಗುಳ್ನಕ್ಕಳು, ನಕ್ಕಿದ್ದಕ್ಕೆ ತನ್ನ ಮುಖದ ಮೇಲೆಯೇ ಅವಳಿಗೆ ಅಸಹ್ಯವಾಯಿತು. ಆಮೇಲೆ, ವೈನು ತರಲು ಹೊರಟವಳಂತೆ ಏಣಿಯ ಹಿಂದಕ್ಕೆ ಹೋಗಿ, ವಾಸನೆ ಯಂತ್ರಕ್ಕೆ ಹೊದಿಸಿದ್ದ ಕರಿಬಟ್ಟೆ ಸರಿಸಿ, ಶುಂಠಿಯ ಸೀಸೆಯನ್ನು ಕಿತ್ತು ಪಕ್ಕಕ್ಕಿಟ್ಟು, ತಿರುಗಣೆಯನ್ನು ಎರಡರಿಂದ ಹತ್ತಕ್ಕೆ ತಿರುಗಿಸಿದಳು.

ಮೊದಲು ಗೊತ್ತಾಗಿದ್ದು ಗ್ರೀಷ್ಮಾಗೆ. "ರೀ, ಏನ್ರೀ ಇದು, ಡ್ರೈನೇಜ್ ಒಡೆದಿದ್ಯಾ?" ಎಂದು ಸೆರಗು ಮೂಗಿಗೊತ್ತಿದಳು. ಆಮೇಲೆ ಯಾರೂ ಪೂರ್ತಿ ವಾಕ್ಯ ಆಡಲಿಲ್ಲ. ಕ್ರೂಸ್ ಕಂಪನಿಯ ಉಪಾಧ್ಯಕ್ಷ ಹಲಗೆಯಿಂದ ಧಡಕ್ಕನೆ ಎದ್ದು ಮೇಲಿನ ಹಲಗೆಗೆ ತಲೆ ಬಡಿಸಿಕೊಂಡ. ಒಬ್ಬರ ಮೇಲೊಬ್ಬರು ಏಣಿ ಹತ್ತಿದರು. ಉಪ್ಪುಮೀನಿನ ಉಂಡೆಗಳು ಬಂದ ದಾರಿಯಲ್ಲೇ ವಾಪಸಾಗಿ ಕಾರ್ಪೆಟ್ಟಿನ ಮೇಲೆ ಬಿದ್ದವು. ಜೋಸೆಲ್ ತಟ್ಟೆ ಕೆಳಗಿಟ್ಟು, ಎಲ್ಲರಿಗಿಂತ ಮೊದಲೇ ಹೊರಗೆ ಹೋಗಿ ಗಾಳಿ ಕುಡಿಯುತ್ತಿದ್ದ.

ಪ್ರತಾಪ್ ಕರವಸ್ತ್ರದೊಳಗಿಂದ ಕೂಗಿದರು: "ಏನೇ ಮಾಡ್ದೆ ನೀನು? ಏನಿದು ಗಬ್ಬು?"

"ಕಾನೂನು ಪಾಲಿಸಿದ ಹಡಗು ಸರ್," ಎಂದಳು ಜೈನಬ್, ಕೋಟಿನ ಗುಂಡಿ ಬಿಚ್ಚುತ್ತ. "ತಲೆಗೆ ಹನ್ನೆರಡು ಚದರಡಿ, ಸರಿಯಾಗಿ ಲೆಕ್ಕ ಹಾಕಿ ಮಾಡಿದ್ದು. ಪಾಲಿಸದೇ ಇದ್ದ ಹಡಗಿಗೆ ಸೀಸೆ ಮಾಡ್ಸಿಲ್ಲ."

"ಸೋಮವಾರ ಬರ್ಬೇಡ!"

"ಇಲ್ಲ ಸರ್. ಇದನ್ನ ಮಾತ್ರ ಒಪ್ಪಿ ಹೋಗ್ತಿದೀನಿ."

ಕೋಟನ್ನು ಅವರ ತೋಳಿಗೆ ನೇತುಹಾಕಿ ಹೊರಬಂದಳು. ಹಡಗುಕಟ್ಟೆಯ ಗಾಳಿಯಲ್ಲೂ ವಾಸನೆ ಕೂದಲು ಬಿಟ್ಟು ಹೋಗಲಿಲ್ಲ. ಮನೆಯಿದ್ದ ಶೋರ್‌ಲೈನ್ ಕಡೆಯ ರೈಲು ತುಂಬಿ ತುಳುಕುತ್ತಿತ್ತು. ಹೇಗೋ ಒಂದು ಸೀಟು ಸಿಕ್ಕಿ ಕೂತಳು. ಪಕ್ಕದವನು ಒಮ್ಮೆ ಮೂಸಿ ಎದ್ದುಹೋದ. ಎದುರಿನ ಇಬ್ಬರೂ ಎದ್ದರು. ನಿಂತಿದ್ದವರು ಸರಿದು ಸರಿದು ಬಾಗಿಲಿಗೆ ಒತ್ತಿಕೊಂಡರು. ಫೋನಿನಲ್ಲಿ ಫಾಜಿಲ್‌ನ ಮೆಸೇಜು ಬಂದಿತ್ತು: "ಏನಂದ್ರು? ಕಾಯಂ ಆಯ್ತಾ?" ಏನು ಬರೆಯುವುದೆಂದು ಯೋಚಿಸುತ್ತ ಜೈನಬ್ ಕಾಲು ಚಾಚಿದಳು. ಸುತ್ತ, ಧಾರಾಳವಾಗಿ, ಹನ್ನೆರಡು ಚದರಡಿಗಿಂತ ಹೆಚ್ಚೇ ಜಾಗವಿತ್ತು.