ಬಕೆಟ್ರಾಯನ ಮಗಳು ಬ್ಯಾಗು ಕೊಂಡದ್ದು

ಬಕೆಟ್ರಾಯನಂಥ ಪ್ಲಂಬರ್ ಈ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ಅವನು ಬೀದಿಯ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಸೋರುವ ನಲ್ಲಿಗಳು ಹೆದರಿ ತಾವಾಗಿಯೇ ನಿಂತುಬಿಡುತ್ತಿದ್ದವು. ಅವನ ಸ್ಪ್ಯಾನರು, ಗರಗಸ, ನೂಲು, ವಾಷರು ಎಲ್ಲಕ್ಕೂ ಒಂದೇ ಮನೆ, ತಗಡಿನ ಒಂದು ಬಕೆಟ್ಟು. ಅವನು ನಡೆದಾಗ ಅದು ಎಬ್ಬಿಸುತ್ತಿದ್ದ ಗಲಾಟೆಗೆ ಪಕ್ಕದ ಊರಿನ ಮಕ್ಕಳು ಕೂಡ ನಿದ್ದೆಯಿಂದ ಏಳುತ್ತಿದ್ದರು. ಅವನ ಹಿಂದೆ ತಿರುಗಿ ಕೆಲಸ ಕಲಿತ ಮಗಳಿಗೆ ಬಕೆಟ್ರಾಯನ ಮಗಳೆಂದೇ ಹೆಸರು ನಿಂತಿತು. ಅವಳಿಗೆ ಸ್ವಂತದ್ದೊಂದು ಹೆಸರಿದೆಯೆಂಬುದು ಹೆತ್ತ ತಾಯಿಗೂ ಆಗಾಗ ಮರೆಯುತ್ತಿತ್ತು.

ಅಂಥವಳನ್ನು, ಅವಳೊಬ್ಬಳನ್ನೇ, ಹೊಸ ಹೋಟೆಲೊಂದರ ಮ್ಯಾನೇಜರಮ್ಮ ಕರೆಸಿದ್ದಳು. ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿದೆ, ಸರಿಮಾಡಿ. ಕೆಲಸ ಹಿಡಿಸಿದರೆ ಇಡೀ ಹೋಟೆಲಿನ ನಲ್ಲಿ, ಪೈಪು, ಟ್ಯಾಂಕು ಎಲ್ಲ ನಿಮ್ಮ ಕೈಗೆ. ಹಿಡಿಸದಿದ್ದರೆ ಬೇರೆ ಪ್ಲಂಬರು. ಅಲ್ಲಿಗೆ ಅಪ್ಪನ ಹಳೇ ಬಕೆಟ್ಟು ಹಿಡಿದುಕೊಂಡು ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಹೋಗುವುದಾದರೆ ತನ್ನದೇ ಬ್ಯಾಗು ಹೆಗಲಿಗೇರಿಸಿ ಹೋಗಬೇಕು.

ಅಪ್ಪ ಇಡೀ ಬೆಳಿಗ್ಗೆ ಮುಖ ಊದಿಸಿಕೊಂಡಿದ್ದ. ಆದರೂ ಅವಳು ಹೊಸಿಲು ದಾಟುವ ಹೊತ್ತಿಗೆ ಚಪ್ಪಲಿ ಮೆಟ್ಟಿ ಮುಂದೆ ನಿಂತಿದ್ದ.

"ನೀನ್ಯಾಕಪ್ಪ ಬರ್ತೀಯಾ?"

"ಅಂಗಡಿಯವನು ನಿನ್ನ ತಲೆಗೆ ಟೋಪಿ ಹಾಕ್ತಾನೆ. ಅದನ್ನ ನೋಡೋಕೆ."

ಸಾಮಾನಿನ ಅಂಗಡಿಯಲ್ಲಿ ಬ್ಯಾಗುಗಳು ಬಾವಲಿಗಳ ಹಾಗೆ ಛಾವಣಿಯಿಂದ ನೇತಾಡುತ್ತಿದ್ದವು. ಅಂಗಡಿಯವನು ನೀಲಿ ಬ್ಯಾಗೊಂದನ್ನು ಇಳಿಸಿದ. ದಪ್ಪ ಬಟ್ಟೆ, ಅಗಲ ಬಾಯಿ, ರಬ್ಬರಿನ ತಳ, ಹೊರಗೆ ಎಣಿಸಿ ಮುಗಿಯದಷ್ಟು ಜೇಬು.

"ಇದರ ಮೇಲೆ ಆನೆ ನಡೆದ್ರೂ ಏನೂ ಆಗಲ್ಲಮ್ಮ," ಎಂದ.

"ಆನೆ ನಮ್ಮ ಮನೇಲಿಲ್ಲ," ಎಂದ ಬಕೆಟ್ರಾಯ. "ಬಕೆಟ್ಟು ಅಂದ್ರೆ ಮೂರು ಕೆಲಸ. ಸಾಮಾನು ಹೊರುತ್ತೆ. ಪೈಪ್ ಬಿಚ್ಚಿದಾಗ ಸಾಮಾನು ಕೆಳಗೆ ಸುರಿದು ಅಡಿಗಿಟ್ರೆ ನೀರು ಹಿಡಿಯುತ್ತೆ. ದಣಿವಾದ್ರೆ ಬೋರಲು ಹಾಕ್ಕೊಂಡು ಕೂತ್ಕೋಬಹುದು. ನಿನ್ನ ಬ್ಯಾಗು ಎಷ್ಟು ಮಾಡುತ್ತೆ?"

"ನೀರು ತಾಗೋದೇ ಇಲ್ಲ ಸ್ವಾಮಿ. ಮಳೇಲಿಟ್ರೂ ಒಂದು ಹನಿ ಒಳಗೆ ಹೋಗಲ್ಲ."

"ಹೌದಾ? ಒಂದು ಚೊಂಬು ನೀರು ಕೊಡು, ನೋಡೇಬಿಡೋಣ."

"ಮಾರೋ ಸಾಮಾನಿಗೆ ನೀರು ಹುಯ್ತಾರಾ ಯಾರಾದ್ರೂ?"

"ನೋಡಿದ್ಯಾ ಮಗಳೇ, ಬಾಯಿ ಬಿಟ್ಟ."

ಅವಳು ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ಯಾಗನ್ನು ಹೆಗಲಿಗೆ ಹಾಕಿ ಅಂಗಡಿಯ ಉದ್ದಕ್ಕೂ ಒಂದು ಸುತ್ತು ನಡೆದಳು. ಕನ್ನಡಿ ಇರಲಿಲ್ಲ. ಹೊಳೆಯುವ ಸಿಂಕುಗಳ ಸಾಲಿನಲ್ಲಿ ಅವಳೇ ಸಾಲುಸಾಲಾಗಿ ಕಂಡಳು, ಪ್ಲಂಬರುಗಳ ಒಂದು ಸೈನ್ಯದ ಹಾಗೆ. "ಇದೇ ಇರಲಿ," ಎಂದಳು. ಮನೆಯ ದಾರಿಯುದ್ದಕ್ಕೂ ಅಪ್ಪ ಬ್ಯಾಗಿನ ಜೇಬುಗಳಲ್ಲಿ ತೂತು ಹುಡುಕುತ್ತ ಬಂದ. ಒಂದೂ ಸಿಗಲಿಲ್ಲ.

ಮರುದಿನ ಹೋಟೆಲಿನ ಅಡುಗೆಮನೆಗೆ ಕಾಲಿಟ್ಟವಳು ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ನೆಲಕ್ಕೆ ಹಾಲಿನಂಥ ಬಿಳಿ ಕಲ್ಲು. ನೊಣ ಕೂತರೂ ಜಾರಿ ಸೊಂಟ ಮುರಿದುಕೊಳ್ಳಬೇಕು, ಅಂಥ ಹೊಳಪು.

"ಇನ್ನೇನು ಮಾಲೀಕರು ಬರ್ತಾರೆ," ಎಂದಳು ಮ್ಯಾನೇಜರಮ್ಮ, ಕೈಕಟ್ಟಿ ನಿಂತು. "ಹಿಂದೆ ಬಂದವನು ಕೊಳಕು ನೀರೆಲ್ಲ ನೆಲಕ್ಕೆ ಚೆಲ್ಲಿ ಹೋದ. ಒಂದು ಹನಿ ಬಿದ್ರೂ ನಿಮ್ಮನ್ನ ಮತ್ತೆ ಕರೆಯಲ್ಲ."

"ಬೀಳಲ್ಲ ಬಿಡಿ ಮೇಡಂ."

ನೀರು ಹಿಡಿಯಲು ಅಲ್ಲಿಯದೇ ಒಂದು ಬಕೆಟ್ಟು ಕೇಳಿ ಪಡೆಯಬೇಕೆಂದು ಅವಳು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದಳು. ಆದರೆ ಸಿಂಕಿನ ಕೆಳಗೆ ತಲೆ ತೂರಿಸಿದ ಮೇಲೆ ಅವಳಿಗೆ ಲೋಕವೇ ಮರೆಯುತ್ತದೆ, ಬಕೆಟ್ಟು ಯಾವ ಲೆಕ್ಕ. ಬಾಗಿದ ಪೈಪಿನ ನಟ್ಟನ್ನು ಎಡಗೈಯಲ್ಲಿ ಸಡಿಲಿಸಿದಳು. ಪೈಪು ಗುಳಗುಳ ಎಂದಿತು. ಆ ಸದ್ದು ಕೇಳಿದ್ದೇ ತಡ, ಬಲಗೈ ಚಿಕ್ಕಂದಿನಿಂದ ಕಲಿತ ಕೆಲಸವನ್ನು ಅವಳನ್ನು ಕೇಳದೆಯೇ ಮಾಡಿ ಮುಗಿಸಿತು. ಸಾಮಾನನ್ನೆಲ್ಲ ಪಕ್ಕದಲ್ಲಿ ಅವಳೇ ಹಾಸಿಕೊಂಡಿದ್ದ ಬಟ್ಟೆಯ ಮೇಲೆ ಸುರಿಯಿತು, ಖಾಲಿಯಾದದ್ದನ್ನು ಪೈಪಿನ ಅಡಿಗೆ ತಳ್ಳಿತು.

ನೀರು ಧುಮುಕಿದ ಮೇಲೆ ಅವಳ ಕಣ್ಣಿಗೆ ನೀಲಿ ಬಣ್ಣ ಬಿತ್ತು. ತಗಡಲ್ಲ, ಬಟ್ಟೆ.

ನಟ್ಟನ್ನು ಮತ್ತೆ ಬಿಗಿಯುವ ಕಾಲ ಮೀರಿತ್ತು. ಕಪ್ಪು ನೀರು, ಜಿಡ್ಡು, ಕಟ್ಟಿಕೊಂಡಿದ್ದ ಕಸ ಎಲ್ಲ ಹೊಸ ಬ್ಯಾಗಿಗೆ ಇಳಿಯತೊಡಗಿತು. ಒಂದು ಕೆರೆಯೇ ಒಡೆದ ಹಾಗಿತ್ತೆಂದು ಅವಳು ಆಮೇಲೆ ಹೇಳುತ್ತಿದ್ದಳು, ಮುಂದಿನ ವಾರ ಹೇಳುವಾಗ ಆ ಕೆರೆ ಸಮುದ್ರವಾಯಿತು. ಅವಳು ಬ್ಯಾಗಿನ ತಳವನ್ನೇ ನೋಡಿದಳು. ಈಗ ಒಸರುತ್ತದೆ, ಈಗ ಬಿಳಿ ಕಲ್ಲಿನ ಮೇಲೆ ಕಪ್ಪು ಗೆರೆ ಹರಿಯುತ್ತದೆ, ಈಗ ಅಪ್ಪ ಗೆಲ್ಲುತ್ತಾನೆ.

ಒಸರಲಿಲ್ಲ. ಬ್ಯಾಗು ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ಉಬ್ಬಿ ಕೂತಿತು, ಅಷ್ಟೇ. ಸುತ್ತಲಿನ ಕಲ್ಲನ್ನು ಬೆರಳಿಂದ ಸವರಿ ನೋಡಿದಳು. ಒಣ ಕಲ್ಲು.

"ಅದೇನದು?" ಮ್ಯಾನೇಜರಮ್ಮ ಬಗ್ಗಿ ನೋಡಿದಳು. "ನೀರು ಹಿಡಿಯೋಕೆ ಅಂತಾನೇ ಬರುತ್ತಾ ಈ ಬ್ಯಾಗು?"

ಸಿಂಕಿನ ಕೆಳಗಿನಿಂದ ಬಕೆಟ್ರಾಯನ ಮಗಳು ಅಪ್ಪನ ಗತ್ತಿನಲ್ಲೇ ಹೇಳಿದಳು: "ನಾವು ಕೆಲಸ ಮಾಡೋದೇ ಹೀಗೆ ಮೇಡಂ."

ಬ್ಯಾಗನ್ನು ಹೊರಗಿನ ಮೋರಿಗೆ ಖಾಲಿ ಮಾಡಿ ಬಂದು, ಪೈಪು ತೊಳೆದು, ಹೊಸ ವಾಷರು ಹಾಕಿ, ನಲ್ಲಿ ಬಿಟ್ಟಳು. ಸಿಂಕ್ ಬಾಯಾರಿದವನ ಹಾಗೆ ಗಟಗಟ ಕುಡಿಯಿತು. ಮ್ಯಾನೇಜರಮ್ಮ ನೆಲವನ್ನು ಈ ಮೂಲೆಯಿಂದ ಆ ಮೂಲೆಗೆ ನೋಡಿ, "ನಾಳೆಯಿಂದ ಮೇಲಿನ ಮಹಡಿ ಶುರುಮಾಡಿ. ಎಲ್ಲಾ ನಿಮ್ಮದೇ," ಎಂದಳು.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ. ಅವನ ಮೂಗು ಮೊದಲು ಬ್ಯಾಗಿನ ಕಡೆ ತಿರುಗಿತು.

"ಏನೇ ಇದು ವಾಸನೆ?"

ನಡೆದದ್ದನ್ನು ಅವಳು ಒಂದೂ ಬಿಡದೆ ಹೇಳಿದಳು, ಕೈ ತಪ್ಪಿದ್ದನ್ನೂ ಸೇರಿಸಿ. ಅಪ್ಪ ಬ್ಯಾಗನ್ನು ಇಸಿದುಕೊಂಡು ಹೊಲಿಗೆಯನ್ನು ಉಗುರಿನಿಂದ ಕೆರೆದ, ತಳವನ್ನು ಬಡಿದ. ಆಮೇಲೆ ಎದ್ದು ನಿಂತು, ಎದುರು ಮನೆಯವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ: "ಒಂದು ಹನೀನೂ ಬೀಳಿಸಲಿಲ್ಲ ನನ್ನ ಮಗಳು. ಇಡೀ ಹೋಟೆಲ್ ಕೊಟ್ಟಿದ್ದಾರೆ."

"ಮೆಲ್ಲಗಪ್ಪ."

"ಹೊರೋದು ಆಯ್ತು, ನೀರು ಹಿಡಿಯೋದೂ ಆಯ್ತು. ಮೂರನೇದು ನೋಡೋಣ." ಅವಳು ತಡೆಯುವ ಮೊದಲೇ ಸಾಮಾನನ್ನೆಲ್ಲ ಕೆಳಗೆ ಸುರಿದು, ಬ್ಯಾಗನ್ನು ಬೋರಲು ಹಾಕಿ, ಸಿಂಹಾಸನ ಏರುವವನ ಹಾಗೆ ಕೂತ. ಬ್ಯಾಗು ಉಸ್ಸೆಂದು ಚಪ್ಪಟೆಯಾಯಿತು. ಬಕೆಟ್ರಾಯ ಕಾಲು ಮೇಲಾಗಿ ಜಗಲಿಯ ಮೇಲೆ ಉರುಳಿಬಿದ್ದ.

ಅವಳು ನಗು ತಡೆದುಕೊಂಡು ಕೈ ಕೊಟ್ಟಳು. ಅವನು ಏಳಲಿಲ್ಲ. ಮಲಗಿದಲ್ಲಿಂದಲೇ ಪಕ್ಕದ ಬಕೆಟ್ಟನ್ನು ತಟ್ಟಿದ.

"ಬ್ಯಾಗು ನೀನು ತಗೊಂಡು ಹೋಗು. ನಾಳೆ ನಾನು ಇದನ್ನ ಹಿಡ್ಕೊಂಡು ನಿನ್ನ ಹಿಂದೆ ಬರ್ತೀನಿ."

"ಸಾಮಾನೆಲ್ಲ ನನ್ನ ಹತ್ರ ಇರುತ್ತಲ್ಲ, ಬಕೆಟ್ಟು ಯಾಕಪ್ಪ?"

"ನೀನು ಕೆಲಸ ಮಾಡೋದನ್ನ ಕೂತ್ಕೊಂಡು ನೋಡೋಕೆ."