ಕಡ್ಡಿ ನಿಲ್ಲುವ ಗಂಜಿ

ಅಡುಗೆಯವನು ಕಡಾಯಿಯ ನಡುವೆ ಊಟದ ಕಡ್ಡಿಯೊಂದನ್ನು ಚುಚ್ಚಿ ಕೈಬಿಟ್ಟ. ಅದು ಅಲ್ಲಾಡದೆ ನಿಂತಿತು. ನಗರದೇವರ ಗುಡಿಯ ಅಂಗಳದಲ್ಲಿ ಸಾಲುಗಟ್ಟಿದ್ದವರು ಬೆರಗಾಗಿ ನೋಡಿದರು. ಬರಪರಿಹಾರದ ಗಂಜಿಯಲ್ಲಿ ಕಡ್ಡಿ ನಿಲ್ಲಬೇಕೆಂಬುದು ಚಕ್ರವರ್ತಿಯ ಕಟ್ಟಳೆ. ಮನೆಗಳಲ್ಲಾದರೆ ಕಡ್ಡಿ ನಿಲ್ಲಿಸುವುದು ಸತ್ತವರಿಗೆ ಎಡೆ ಇಡುವಾಗ ಮಾತ್ರ. ಮಕ್ಕಳು ಆಟಕ್ಕೆ ಹಾಗೆ ಚುಚ್ಚಿದರೂ ಏಟು ಬೀಳುತ್ತಿತ್ತು.

ಚಳಿಗಾಲವಿಡೀ ಇಲ್ಲಿ ಸಿಕ್ಕಿದ್ದು ಮುಖ ಕಾಣುವಷ್ಟು ತಿಳಿಯಾದ ನೀರು. ನವಣೆ ಎಲ್ಲಿಗೆ ಹೋಗುತ್ತಿತ್ತೆಂಬುದು ಉಸ್ತುವಾರಿ ತಾವೊನ ಕೆನ್ನೆ ನೋಡಿದರೇ ಗೊತ್ತಾಗುತ್ತಿತ್ತು. ಆ ನೀರನ್ನೇ ಗುಟುಕು ಗುಟುಕಾಗಿ ಹಾಕಿ ಸುಯಿಯುನ್ ತನ್ನ ಕೂಸು ಪಿಂಗ್‌ನ ಜೀವ ಹಿಡಿದಿಟ್ಟಿದ್ದಳು. ಇವತ್ತು ತನಿಖೆಗೆ ಪ್ರಾಂತ್ಯದ ದೊರೆ ಬರುವವರಿದ್ದರು. ಅದಕ್ಕೇ ಈ ಗಟ್ಟಿ ಗಂಜಿ.

"ಅಣ್ಣಾ, ಒಂದೇ ಸೌಟು ಹಾಕಪ್ಪಾ. ಕೂಸು ಬೆಳಗಿಂದ ಕಣ್ಣೇ ಬಿಟ್ಟಿಲ್ಲ."

"ದೊರೆ ನೋಡೋಕ್ ಮುಂಚೆ ಮುಟ್ಟಿದ್ರೆ ನನ್ನ ಚರ್ಮ ಸುಲೀತಾರೆ," ತಾವೊ ರೇಗಿದ.

"ಹೋಗ್ಲಿ, ದಿನಾ ಕೊಡೋ ನೀರನ್ನಾದ್ರೂ ಕೊಡಪ್ಪಾ."

"ಥೂ, ಮೆಲ್ಲಗೆ ಮಾತಾಡೇ! ನೀರು ಗಂಜಿ ನಾವು ಯಾವತ್ತಾದ್ರೂ ಕೊಟ್ಟಿದ್ದುಂಟಾ?"

ದೊರೆ ಜಿಲ್ಲಾಧಿಕಾರಿಯ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಬಾತುಕೋಳಿ ಹುರಿದ ವಾಸನೆ ಗೋಡೆ ದಾಟಿ ಬಂದು ಹಸಿದವರ ಹೊಟ್ಟೆ ಹಿಂಡಿತು. ಬೆನ್ನಿಗೆ ಕಟ್ಟಿಕೊಂಡ ಪಿಂಗ್‌ನ ಉಸಿರು ಆಗೊಮ್ಮೆ ಈಗೊಮ್ಮೆ ಸುಯಿಯುನ್‌ಳ ಕತ್ತಿಗೆ ತಾಗುತ್ತಿತ್ತು. ಅವಳು ಕಡಾಯಿಯಿಂದ ಕಣ್ಣು ಕೀಳಲಿಲ್ಲ.

ಹೊತ್ತು ಇಳಿದ ಮೇಲೆ ಪಲ್ಲಕ್ಕಿ ಬಂತು. ಎಲ್ಲರೂ ಮಂಡಿಯೂರಿ, ಹೇಳಿಕೊಟ್ಟಂತೆ ಜಯಕಾರ ಹಾಕಿದರು. ದೊರೆ ತಾವೇ ಕಡ್ಡಿ ಚುಚ್ಚಿದರು, ನಿಂತಿತು. "ಭೇಷ್," ಎಂದು ತೇಗಿದರು.

"ಮೊದಲ ಬಟ್ಟಲು ಈ ತಾಯಿಗೆ!" ತಾವೊ ದೊರೆಗೆ ಕೇಳುವಂತೆ ಕೂಗಿದ.

ಸುಯಿಯುನ್ ಕೂಸನ್ನು ಮಡಿಲಿಗೆ ಇಳಿಸಿ, ಗಂಜಿ ಊದಿ ಊದಿ ತುಟಿಗೆ ಹಚ್ಚಿದಳು. ತುಟಿ ತೆರೆಯಲಿಲ್ಲ. ಅಂಗಾಲು ತಿಕ್ಕಿದಳು, ಹೆಸರು ಹಿಡಿದು ಕರೆದಳು. ಮೈ ಆಗಲೇ ತಣ್ಣಗಿತ್ತು. ಪಿಂಗ್‌ನನ್ನು ಚಪ್ಪಡಿಯ ಮೇಲೆ ಮಲಗಿಸಿ, ತಲೆಯ ಹತ್ತಿರ ಬಟ್ಟಲಿಟ್ಟು, ತನ್ನ ಎರಡೂ ಕಡ್ಡಿಗಳನ್ನು ಅದರಲ್ಲಿ ನಿಲ್ಲಿಸಿದಳು.

ಮತ್ತೆ ಪಲ್ಲಕ್ಕಿ ಹತ್ತಿದ್ದ ದೊರೆ ಪರದೆ ಸರಿಸಿದರು. "ನೋಡ್ರಯ್ಯಾ, ಬಟ್ಟಲಲ್ಲೂ ನಿಂತಿದೆ!"

ತಾವೊ ತಿರುಗಿ ನೋಡಿದ. ಅವನಿಗೆ ಕೂಸೂ ಕಂಡಿತು. ಬಾಗಿ, "ಎಲ್ಲಾ ತಮ್ಮ ದಯೆ, ದೊರೆ," ಎಂದ.

ಪಲ್ಲಕ್ಕಿ ಹೊರಟಿತು. ಜನ ಒಬ್ಬರನ್ನೊಬ್ಬರು ತಳ್ಳುತ್ತಾ ಕಡಾಯಿಗೆ ಮುಗಿಬಿದ್ದರು. ಹೋಗುವಾಗ ಎಲ್ಲರೂ ಆ ಬಟ್ಟಲಿನಿಂದ ದೂರ ಸರಿದೇ ಹೋದರು. ಅದರೊಳಗಿನ ಗಂಜಿ ಆರುವವರೆಗೂ ಯಾರೂ ಮುಟ್ಟಲಿಲ್ಲ.